ವೀಸಾ ಶುಲ್ಕ: ಎಲ್ಲಿಂದ ಕಟ್ಟಬೇಕು, ಯಾರು ಕಟ್ಟಬೇಕು?

ಮಗಳ ಮದುವೆ ಮುಗಿದರೆ ತಂದೆತಾಯಿಯರ ಹೆಗಲ ಭಾರ ಇಳಿಯಿತೆಂದು ಹಿರಿಯರು ಹೇಳುತ್ತಿದ್ದರು. ಈಗ ವರನು ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ನೆಲೆಸಿದವನಾದರೆ, ಚಪ್ಪರ ಬಿಚ್ಚುವ ಮುನ್ನವೇ ಮನೆಯಲ್ಲಿ ಎರಡನೆಯ ಲೆಕ್ಕವೊಂದು ತೆರೆದುಕೊಳ್ಳುತ್ತದೆ. ಅದು ಸಂಗಾತಿ ವೀಸಾದ ಲೆಕ್ಕ. ಬಳ್ಳಾರಿ ನಗರದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಡೆಯುವ ಮಾತುಕತೆಯಲ್ಲಿ ಮಳೆ, ಬೆಳೆ, ಮಕ್ಕಳ ಪರೀಕ್ಷೆಗಳ ಜೊತೆಗೆ ಈ ಮಾತೂ ಇತ್ತೀಚೆಗೆ ಸೇರಿಕೊಂಡಿದೆ. ಸಿರುಗುಪ್ಪ, ಕುರುಗೋಡಿನಂತಹ ಊರುಗಳ ಕುಟುಂಬಗಳೂ ಇದಕ್ಕೆ ಹೊರತಲ್ಲ. ಆದುದರಿಂದ ಈ ವಾರ ನಾವು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಮೊತ್ತವನ್ನು ನೋಡೋಣ. ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಅತಿ ಹೆಚ್ಚಿನ ಅರ್ಜಿ ಶುಲ್ಕ ವಿಧಿಸುವ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. 2015ರ ಜನವರಿಯಲ್ಲಿ ಆ ದೇಶದ ಸರಕಾರ ಈ ಶುಲ್ಕವನ್ನು ಒಂದೇ ಏಟಿಗೆ ಅರ್ಧದಷ್ಟು ಏರಿಸಿತು. ಆ ಬಳಿಕವೂ ಏರಿಕೆ ನಿಲ್ಲಲಿಲ್ಲ. 2023ರ ಜುಲೈಯಲ್ಲಿ 8,850 ಆಸ್ಟ್ರೇಲಿಯನ್ ಡಾಲರ್ ಇದ್ದದ್ದು, 2024ರ ಜುಲೈಯಲ್ಲಿ 9,095 ಆಯಿತು. 2025ರ ಜುಲೈ 1ರಿಂದ 9,365 ಡಾಲರ್ ಆಯಿತು. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 60 ರೂಪಾಯಿ ಎಂದಿಟ್ಟುಕೊಂಡರೂ ಇದು 5,61,900 ರೂಪಾಯಿಯಾಗುತ್ತದೆ. 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಎಂದರೆ ಸಿರುಗುಪ್ಪದ ರೈತನೊಬ್ಬನಿಗೆ ಈ ಶುಲ್ಕವು 237 ಕ್ವಿಂಟಲ್ ಭತ್ತಕ್ಕೆ ಸಮ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಆ ಭತ್ತಕ್ಕೆ ನೀರು ಸಿಕ್ಕೀತೋ ಇಲ್ಲವೋ ಎಂದು ನಿದ್ದೆಗೆಟ್ಟವರಿಗೆ ಈ ಮೊತ್ತದ ತೂಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಶುಲ್ಕವನ್ನು ಕಡಿಮೆ ಮಾಡುವ ಉಪಾಯ ಯಾರ ಕೈಯಲ್ಲಿಯೂ ಇಲ್ಲ. ರಿಯಾಯಿತಿ ಕೊಡಿಸುತ್ತೇವೆಂದು ಹೇಳುವವರ ಮಾತನ್ನು ಅಲ್ಲಿಯೇ ಬಿಟ್ಟುಬಿಡುವುದು ಲೇಸು. ಆದರೆ ಶುಲ್ಕದ ಮೇಲೆ ಅನಗತ್ಯವಾಗಿ ಸೇರಿಕೊಳ್ಳುವ ಖರ್ಚುಗಳನ್ನು ತಪ್ಪಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅವು ಬಿಡಿಬಿಡಿಯಾಗಿ ಸಣ್ಣವಾಗಿ ಕಂಡರೂ ಕೂಡಿಸಿದಾಗ ಸಣ್ಣವಲ್ಲ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಬಳ್ಳಾರಿಯ ತಂದೆಯೊಬ್ಬರು ಮಗಳ ಅರ್ಜಿಯನ್ನು ಆಸ್ಟ್ರೇಲಿಯಾ ಸರಕಾರದ ಇಮ್ಮಿಅಕೌಂಟ್ ಎಂಬ ಅಂತರ್ಜಾಲ ಖಾತೆಯಲ್ಲಿ ತುಂಬಿಸಿ, ತಮ್ಮ ಕ್ರೆಡಿಟ್ ಕಾರ್ಡಿನಿಂದ ಶುಲ್ಕ ಕಟ್ಟುತ್ತಾರೆನ್ನೋಣ. ಅರ್ಜಿದಾರರು ಯಾವ ದೇಶದಲ್ಲಿದ್ದರೂ ಶುಲ್ಕ ಡಾಲರಿನಲ್ಲಿಯೇ ಬೀಳುತ್ತದೆ. ಕಾರ್ಡಿನಲ್ಲಿ ಕಟ್ಟಿದರೆ ಅಲ್ಲಿನ ಇಲಾಖೆ ಒಂದು ಹೆಚ್ಚುವರಿ ಶುಲ್ಕವನ್ನು ಸೇರಿಸುತ್ತದೆ. ಅದು ಶೇಕಡಾ 1.4 ಎಂದಿಟ್ಟುಕೊಂಡರೆ 131 ಡಾಲರ್, ಅಂದರೆ 7,867 ರೂಪಾಯಿ. ಇನ್ನು ವಿದೇಶಿ ನಾಣ್ಯದ ವ್ಯವಹಾರಕ್ಕೆ ನಮ್ಮ ದೇಶದ ಬಹುತೇಕ ಕಾರ್ಡುಗಳು ಶೇಕಡಾ 2ರಿಂದ 3.5ರವರೆಗೆ ವಿನಿಮಯ ಶುಲ್ಕ ಹಾಕುತ್ತವೆ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಶೇಕಡಾ 3.5ರ ಲೆಕ್ಕದಲ್ಲಿ ವಿನಿಮಯ ಶುಲ್ಕ 19,942 ರೂಪಾಯಿ, ಅದರ ಮೇಲಿನ ತೆರಿಗೆ 3,590 ರೂಪಾಯಿ. ಮೂರನ್ನೂ ಕೂಡಿಸಿದರೆ 31,399 ರೂಪಾಯಿ. ವೀಸಾಕ್ಕೆ ಎಳ್ಳಷ್ಟೂ ಸಂಬಂಧವಿಲ್ಲದ ಈ ಹಣ ಕೇವಲ ಹಣ ದಾಟಿಸಿದ ಕೂಲಿ. ಮೇಲೆ ಹೇಳಿದ ಭತ್ತದ ಲೆಕ್ಕದಲ್ಲಿ ಇದು 13 ಕ್ವಿಂಟಲಿಗೂ ಹೆಚ್ಚು.

ಇದನ್ನು ತಪ್ಪಿಸುವ ದಾರಿ ಯಾವುದು? ಅತ್ಯಂತ ಸುಲಭವಾದ ದಾರಿ, ಅಲ್ಲಿರುವ ಗಂಡನೋ ಹೆಂಡತಿಯೋ ಅಲ್ಲಿನ ತಮ್ಮ ಬ್ಯಾಂಕ್ ಖಾತೆಯಿಂದಲೇ ಶುಲ್ಕ ಕಟ್ಟುವುದು. ಅರ್ಜಿ ಇಲ್ಲಿಂದ ಸಲ್ಲಿಕೆಯಾದರೂ ಹಣ ಇಲ್ಲಿಂದಲೇ ಹೋಗಬೇಕೆಂಬ ನಿಯಮವಿಲ್ಲ. ಆಸ್ಟ್ರೇಲಿಯಾದಲ್ಲಿ ಬಿಪೇ ಎಂಬ ಪಾವತಿ ವ್ಯವಸ್ಥೆಯಿದೆ. ನಮ್ಮಲ್ಲಿ ವಿದ್ಯುತ್ ಬಿಲ್ಲನ್ನು ಬ್ಯಾಂಕಿನ ಮೂಲಕ ಕಟ್ಟುವಂತೆಯೇ ಅದು. ಅರ್ಜಿಯ ಕೊನೆಯ ಹಂತದಲ್ಲಿ ಬಿಪೇ ಆರಿಸಿಕೊಂಡರೆ ಒಂದು ಬಿಲ್ಲರ್ ಸಂಖ್ಯೆ ಮತ್ತು ಒಂದು ಉಲ್ಲೇಖ ಸಂಖ್ಯೆ ದೊರೆಯುತ್ತವೆ. ಅವನ್ನು ಅಲ್ಲಿರುವವರಿಗೆ ಕಳುಹಿಸಿದರೆ, ಅವರು ತಮ್ಮ ಖಾತೆಯಿಂದ ಅಷ್ಟೇ ಮೊತ್ತವನ್ನು ಕಟ್ಟಬಹುದು. ಕಾರ್ಡಿನ ಹೆಚ್ಚುವರಿ ಶುಲ್ಕವಿಲ್ಲ, ವಿನಿಮಯ ಶುಲ್ಕವಿಲ್ಲ, ತೆರಿಗೆಯೂ ಇಲ್ಲ. 31 ಸಾವಿರವೂ ಉಳಿಯಿತು.

ಆದರೆ ಎರಡು ಎಚ್ಚರಿಕೆಗಳಿವೆ. ಬಿಪೇ ಮೂಲಕ ಕಟ್ಟಿದ ಹಣ ಇಲಾಖೆಗೆ ತಲಪಲು ಒಂದೆರಡು ಕೆಲಸದ ದಿನಗಳು ಬೇಕಾಗುತ್ತವೆ. ಹಣ ತಲಪಿದ ಮೇಲೆಯೇ ಅರ್ಜಿ ಸಲ್ಲಿಕೆಯಾಯಿತೆಂದು ಲೆಕ್ಕ. ಶುಲ್ಕಗಳು ಸಾಮಾನ್ಯವಾಗಿ ಜುಲೈ 1ರಂದು ಏರುವುದರಿಂದ, ಜೂನ್ ಕೊನೆಯ ದಿನದವರೆಗೆ ಕಾದು ಕುಳಿತವರಿಗೆ ಹೊಸ ದರ ತಗಲುವ ಸಂಭವವುಂಟು. ಕಾಗದಪತ್ರಗಳು ಸಿದ್ಧವಾಗಿದ್ದರೆ ಜೂನ್ ಮಧ್ಯದೊಳಗೆ ಮುಗಿಸುವುದು ಜಾಣತನ. ಎರಡನೆಯದಾಗಿ, ಅಲ್ಲಿನ ಬ್ಯಾಂಕುಗಳಲ್ಲಿಯೂ ದಿನಕ್ಕೆ ಇಂತಿಷ್ಟೇ ಎಂಬ ಮಿತಿಯಿರುತ್ತದೆ, ಮೊದಲೇ ಹೆಚ್ಚಿಸಿಕೊಂಡಿರಬೇಕು.

ಅಲ್ಲಿರುವವರ ಬಳಿ ಅಷ್ಟು ಹಣವಿಲ್ಲವೆನ್ನಿ. ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ, ಮನೆ ಬಾಡಿಗೆಗೇ ಸಂಬಳದ ದೊಡ್ಡ ಪಾಲು ಹೋಗುತ್ತಿದೆ. ಆಗ ಇಲ್ಲಿಂದ ನೆರವಾಗಬೇಕಾದೀತು. ರಿಸರ್ವ್ ಬ್ಯಾಂಕಿನ ಉದಾರ ಹಣ ರವಾನೆ ಯೋಜನೆಯಂತೆ ಭಾರತದ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಪ್ಯಾನ್ ಕಾರ್ಡು ಬೇಕು, ಎ-2 ನಮೂನೆಯನ್ನು ತುಂಬಬೇಕು. ಬ್ಯಾಂಕು ಮಾರುಕಟ್ಟೆ ದರಕ್ಕಿಂತ ಶೇಕಡಾ 1ರಷ್ಟು ಹೆಚ್ಚು ಪಡೆಯಿತೆನ್ನೋಣ. ಅದು 5,619 ರೂಪಾಯಿ. ನಾಣ್ಯ ವಿನಿಮಯದ ಮೇಲಿನ ಜಿಎಸ್‌ಟಿಯನ್ನು ಪೂರ್ತಿ ಮೊತ್ತದ ಮೇಲೆ ಹಾಕುವುದಿಲ್ಲ. ಈ ಮೊತ್ತಕ್ಕೆ ಅದು ಸುಮಾರು 596 ರೂಪಾಯಿ ಮಾತ್ರ. ರವಾನೆ ಶುಲ್ಕ ತೆರಿಗೆಸಹಿತ 1,180 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 7,395 ರೂಪಾಯಿ. ಹೀಗೆ ಅಳಿಯನ ಖಾತೆಗೆ ಹಣ ಕಳುಹಿಸಿ ಅವರು ಬಿಪೇ ಮೂಲಕ ಕಟ್ಟಿದರೂ ಕಾರ್ಡಿಗಿಂತ 24 ಸಾವಿರ ರೂಪಾಯಿ ಉಳಿತಾಯ. ಬ್ಯಾಂಕಿನಿಂದ ಬ್ಯಾಂಕಿಗೆ ದರ ವ್ಯತ್ಯಾಸವಾಗುವುದರಿಂದ ಎರಡು ಮೂರು ಕಡೆ ವಿಚಾರಿಸಬೇಕು. ‘ಕಮಿಷನ್ ಇಲ್ಲ’ ಎಂಬ ಫಲಕವನ್ನು ನಂಬದೆ, ‘ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ, ಅಲ್ಲಿ ಎಷ್ಟು ಡಾಲರ್ ಸೇರುತ್ತದೆ’ ಎಂಬ ಎರಡು ಅಂಕಿಗಳನ್ನೇ ಕೇಳಬೇಕು.

ರವಾನೆಯ ಮೇಲೆ ಶೇಕಡಾ 20 ತೆರಿಗೆ ಬೀಳುತ್ತದೆಂಬ ಭಯ ಹಲವರಲ್ಲಿದೆ. 2025ರ ಏಪ್ರಿಲ್ 1ರಿಂದ ಆರ್ಥಿಕ ವರ್ಷವೊಂದರಲ್ಲಿ ಒಬ್ಬರ ಒಟ್ಟು ರವಾನೆ 10 ಲಕ್ಷ ರೂಪಾಯಿ ದಾಟಿದಾಗ ಮಾತ್ರ, ದಾಟಿದ ಭಾಗದ ಮೇಲೆ ಮುಂಗಡ ತೆರಿಗೆ ಸಂಗ್ರಹವಾಗುತ್ತದೆ. ಅದೂ ಕಳೆದುಹೋಗುವ ಹಣವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ಅದೇ ವರ್ಷ ಮದುವೆಯ ಸಲುವಾಗಿ ಬೇರೆ ರವಾನೆಗಳೂ ನಡೆದಿದ್ದರೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆಂಬುದು ನೆನಪಿರಲಿ.

ಕಾರ್ಡನ್ನೇ ಬಳಸುವುದು ಅನಿವಾರ್ಯವಾದರೆ, ವಿನಿಮಯ ಶುಲ್ಕವಿಲ್ಲದ ಕಾರ್ಡುಗಳೂ ಈಗ ನಮ್ಮ ದೇಶದಲ್ಲಿವೆ. ಅಂಥದ್ದು ಮನೆಯಲ್ಲಿ ಯಾರ ಬಳಿ ಇದೆಯೆಂದು ವಿಚಾರಿಸಬಹುದು. ಪಾವತಿಯ ವೇಳೆ ‘ರೂಪಾಯಿಯಲ್ಲಿ ಕಟ್ಟುವಿರಾ’ ಎಂಬ ಪ್ರಶ್ನೆ ಎಲ್ಲಿಯಾದರೂ ಎದುರಾದರೆ ಬೇಡವೆನ್ನಬೇಕು. ಆ ಸೌಜನ್ಯದ ಹಿಂದೆ ದುಬಾರಿ ದರವಿರುತ್ತದೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರದ ಸೌಲಭ್ಯವನ್ನು ನಾವಾಗಿಯೇ ತೆರೆಸಿಕೊಳ್ಳಬೇಕು. ಹಿಂದಿನ ದಿನವೇ ಅದನ್ನೂ ದಿನದ ಮಿತಿಯನ್ನೂ ಸರಿಪಡಿಸಿಕೊಳ್ಳದೆ, ಪಾವತಿ ವಿಫಲವಾಯಿತೆಂದು ಗಾಬರಿಗೊಂಡು ಮಧ್ಯವರ್ತಿಯ ಬಳಿಗೆ ಓಡುವವರಿದ್ದಾರೆ.

ಮಧ್ಯವರ್ತಿಗಳ ಮಾತು ಬಂದುದರಿಂದ ಇನ್ನೆರಡು ಸಂಗತಿಗಳನ್ನು ಹೇಳಲೇಬೇಕು. ಆಸ್ಟ್ರೇಲಿಯಾದ ಸಂಗಾತಿ ವೀಸಾಕ್ಕೆ ಎರಡು ಹಂತಗಳಿವೆ: ಮೊದಲು ತಾತ್ಕಾಲಿಕ, ಸುಮಾರು ಎರಡು ವರ್ಷಗಳ ಬಳಿಕ ಕಾಯಂ. ಹೊರದೇಶದಿಂದ ಅರ್ಜಿ ಹಾಕುವವರಿಗೆ ಇವು 309 ಮತ್ತು 100 ಎಂಬ ಸಂಖ್ಯೆಯ ವೀಸಾಗಳು. ಮೊದಲು ಕಟ್ಟಿದ ಒಂದೇ ಶುಲ್ಕ ಈ ಎರಡೂ ಹಂತಗಳಿಗೆ ಸಲ್ಲುತ್ತದೆ. ಎರಡನೆಯ ಹಂತಕ್ಕೆ ಮತ್ತೆ ಸರಕಾರಿ ಶುಲ್ಕವಿದೆಯೆಂದು ಹಣ ಕೇಳಿದರೆ ಅದು ಸುಳ್ಳು. ಇನ್ನೊಂದು, ಸರಕಾರಿ ಶುಲ್ಕವನ್ನು ಮಧ್ಯವರ್ತಿಯ ಕೈಗೆ ರೂಪಾಯಿಯಲ್ಲಿ ನಗದಾಗಿ ಕೊಡಬಾರದು. ಇಮ್ಮಿಅಕೌಂಟಿನ ಗುಪ್ತಪದ ಅರ್ಜಿದಾರರ ಬಳಿಯೇ ಇರಬೇಕು. ಡಾಲರಿನಲ್ಲಿ ಮುದ್ರಿತವಾದ ಅಧಿಕೃತ ರಸೀತಿಯನ್ನು ಕೇಳಿ ಪಡೆಯಬೇಕು.

ಯಾವ ವೀಸಾ ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು. ಸಂಗಾತಿ ವೀಸಾಕ್ಕೆ ಕರೆಸಿಕೊಳ್ಳುವವರು ಆ ದೇಶದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕೆಂಬುದು ಸಾಮಾನ್ಯ ನಿಯಮ. ಅವರು ಇನ್ನೂ ಓದಿನ ಅಥವಾ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರೆ, ಆ ವೀಸಾದ ಅವಲಂಬಿತರಾಗಿ ಹೋಗುವ ಬೇರೆ ದಾರಿಯಿದ್ದೀತು. ಅದರ ಶುಲ್ಕವೂ ಬೇರೆ. ಹಾಗೆಯೇ, ನಿಶ್ಚಿತಾರ್ಥವಾದ ಕೂಡಲೇ ಅವಸರದಿಂದ ಭಾವಿ ವಿವಾಹದ 300ನೆಯ ಸಂಖ್ಯೆಯ ವೀಸಾಕ್ಕೆ ಅರ್ಜಿ ಹಾಕುವವರು, ಅದಕ್ಕೂ ಅಷ್ಟೇ ಶುಲ್ಕವೆಂಬುದನ್ನೂ, ಮದುವೆಯ ನಂತರ ಸಂಗಾತಿ ವೀಸಾಕ್ಕೆ ಮತ್ತೆ ಸುಮಾರು 1,500 ಡಾಲರ್ ಕಟ್ಟಬೇಕೆಂಬುದನ್ನೂ ತಿಳಿದಿರಬೇಕು. ಇಲ್ಲಿಯೇ ದೇವಾಲಯದಲ್ಲಿ ವಿವಾಹ ಸಂಸ್ಕಾರ ನಡೆದ ಬಳಿಕ ನೇರವಾಗಿ ಸಂಗಾತಿ ವೀಸಾಕ್ಕೆ ಹೋಗುವವರಿಗೆ ಆ 90 ಸಾವಿರ ರೂಪಾಯಿ ಉಳಿಯುತ್ತದೆ.

ಬೇರೆ ದೇಶಗಳ ರೀತಿ ಬೇರೆ. ಬ್ರಿಟನ್ನಿಗೆ ಹೊರಗಿನಿಂದ ಸಲ್ಲಿಸುವ ಸಂಗಾತಿ ಅರ್ಜಿಯ ಶುಲ್ಕ 2025ರ ಏಪ್ರಿಲ್‌ನಲ್ಲಿ 1,938 ಪೌಂಡಿಗೆ ಏರಿತು. ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷಗಳ ಆರೋಗ್ಯ ಶುಲ್ಕ 3,105 ಪೌಂಡನ್ನೂ ಅದರೊಡನೆಯೇ ಕಟ್ಟಬೇಕಾಗಿತ್ತು. ಹೊರಗಿನ ಅರ್ಜಿಗಳಿಗೆ ಅಲ್ಲಿನ ಗೃಹ ಇಲಾಖೆ ತಾನೇ ಗೊತ್ತುಪಡಿಸಿದ ವಿನಿಮಯ ದರವನ್ನು ಅನ್ವಯಿಸುತ್ತದೆ. ಅದು ಮಾರುಕಟ್ಟೆ ದರಕ್ಕಿಂತ ಹೆಚ್ಚಿರುತ್ತದೆ. ಕೆನಡಾದಲ್ಲಿ 2024ರ ದರದಂತೆ ಒಟ್ಟು 1,205 ಕೆನಡಿಯನ್ ಡಾಲರ್. ಅದರಲ್ಲಿ ಕಾಯಂ ನಿವಾಸದ ಹಕ್ಕಿಗೆಂದು ಕಟ್ಟುವ 575 ಡಾಲರ್ ಅರ್ಜಿ ತಿರಸ್ಕೃತವಾದರೆ ಹಿಂದಕ್ಕೆ ಬರುತ್ತದೆ. ಅಮೆರಿಕಕ್ಕೆ ಸಂಬಂಧಿಸಿದ ಐ-130 ಅರ್ಜಿಯನ್ನು ಅಲ್ಲಿರುವವರೇ ಹಾಕಬೇಕು. ಮುಂದಿನ ಹಂತದ ವಲಸೆ ವೀಸಾ ಶುಲ್ಕವನ್ನು ಅಂತರ್ಜಾಲದಲ್ಲಿ ಕಟ್ಟಲು ಅಮೆರಿಕದ ಬ್ಯಾಂಕ್ ಖಾತೆಯೇ ಬೇಕು. ಅಲ್ಲಿನವರು ಕಟ್ಟುವುದನ್ನು ನಿಯಮವೇ ಕಡ್ಡಾಯ ಮಾಡಿದಂತಾಯಿತು. ಶುಲ್ಕಗಳು ಆಗಾಗ ಬದಲಾಗುವುದರಿಂದ ಕಟ್ಟುವ ದಿನ ಆಯಾ ಸರಕಾರದ ಅಧಿಕೃತ ಪುಟವನ್ನು ನೋಡಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಉಳಿತಾಯವನ್ನೂ ಒಂದೇ ತಪ್ಪು ನುಂಗಿಹಾಕಬಲ್ಲದು. ಆಸ್ಟ್ರೇಲಿಯಾದ ಅರ್ಜಿ ತಿರಸ್ಕೃತವಾದರೆ ಶುಲ್ಕ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ನಮ್ಮ ಮನೆಗಳಲ್ಲಿ ಕಾಗದಪತ್ರಗಳ ಸ್ಥಿತಿ ಎಂಥದು? ಧರ್ಮಕೇಂದ್ರದ ಜ್ಞಾನಸ್ನಾನ ದಾಖಲೆಯಲ್ಲಿ ಅಂತೋಣಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆಂಥೊನಿ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಮನೆತನದ ಹೆಸರು! ಹೆಸರು, ಜನ್ಮದಿನಾಂಕಗಳಲ್ಲಿ ಹೊಂದಿಕೆಯಿಲ್ಲದಿದ್ದರೆ ಶುಲ್ಕ ಕಟ್ಟುವ ಮೊದಲೇ ಸರಿಪಡಿಸಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ಕಥೋಲಿಕ ಗುರುಗಳು ನೆರವೇರಿಸಿದ ಮದುವೆಗಳು ಧರ್ಮಾಧ್ಯಕ್ಷರು ಗೊತ್ತುಪಡಿಸಿದ ನಮೂನೆಯಲ್ಲಿ ದಾಖಲಾಗಬೇಕು. ಮೂರು ತಿಂಗಳಿಗೊಮ್ಮೆ ಅವುಗಳ ವಿವರ ಜನನ, ಮರಣ, ವಿವಾಹಗಳ ಮಹಾ ನೋಂದಣಾಧಿಕಾರಿಗೆ ಹೋಗಬೇಕು. ವಿವಾಹದ ಪ್ರಮಾಣಪತ್ರವನ್ನು ಪಡೆದ ದಿನವೇ ಅಕ್ಷರ ಅಕ್ಷರವಾಗಿ ಓದಿ ನೋಡುವುದು ಒಳ್ಳೆಯದು. ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ವೈದ್ಯಕೀಯ ತಪಾಸಣೆಗೆ ಮಾನ್ಯತೆ ಪಡೆದ ವೈದ್ಯರ ಬಳಿಗೆ, ಅಂದರೆ ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರಿಗೆ, ಹೋಗಬೇಕಾಗುತ್ತದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದೇ ಸಲ ಹೋಗಿ ಎಲ್ಲ ಕೆಲಸಗಳನ್ನು ಮುಗಿಸಿಕೊಂಡು ಬರುವಂತೆ ದಿನ ಗೊತ್ತುಮಾಡಿಕೊಂಡರೆ ಅದೂ ಒಂದು ಉಳಿತಾಯವೇ.

ಉಳಿತಾಯದ ಹೆಸರಿನಲ್ಲಿ ಹಿಡಿಯಬಾರದ ದಾರಿಯೊಂದುಂಟು. ‘ನೀವು ಇಲ್ಲಿ ನಮಗೆ ರೂಪಾಯಿ ಕೊಡಿ, ಅಲ್ಲಿ ನಮ್ಮ ಹುಡುಗ ಡಾಲರ್ ಕಟ್ಟುತ್ತಾನೆ’ ಎಂದು ಪರಿಚಿತರು ಹೇಳುವುದುಂಟು. ಕೇಳಲು ಉಪಕಾರದಂತಿರುವ ಈ ವ್ಯವಹಾರ ಹವಾಲಾದ ರೂಪವೇ ಹೌದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ ಇದನ್ನು ನಿಷೇಧಿಸಿದೆ. ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಏಳೆಂಟು ಸಾವಿರ ಉಳಿಸಲು ಹೋಗಿ 17 ಲಕ್ಷದ ಭಯವನ್ನು ಮನೆಗೆ ತರುವುದು ಯಾವ ಜಾಣತನ?

ಇಲ್ಲಿಯವರೆಗೆ ಎಲ್ಲಿಂದ ಕಟ್ಟಬೇಕೆಂಬುದನ್ನು ಹೇಳಿದೆವು. ಯಾರು ಕಟ್ಟಬೇಕೆಂಬುದು ಇನ್ನೂ ಕಠಿಣವಾದ ಪ್ರಶ್ನೆ. ಮಾತುಕತೆಯ ದಿನ ‘ನಮಗೆ ವರದಕ್ಷಿಣೆ ಬೇಡವೇ ಬೇಡ’ ಎಂದು ಹೇಳಿ, ಕೊನೆಯಲ್ಲಿ ‘ಹುಡುಗಿಯ ವೀಸಾ ಖರ್ಚೊಂದನ್ನು ನೀವು ನೋಡಿಕೊಂಡರೆ ಸಾಕು’ ಎಂದು ಸೇರಿಸುವ ಪದ್ಧತಿ ಬೆಳೆಯುತ್ತಿದೆ. ಕೇಳುವಾಗ ಅದು ಸರಕಾರಕ್ಕೆ ಸಲ್ಲುವ ಶುಲ್ಕ, ನಮ್ಮ ಜೇಬಿಗಲ್ಲ ಎಂಬ ಸಮಾಧಾನವೂ ಇರುತ್ತದೆ. ಆದರೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯು, ಮದುವೆಯ ಸಂಬಂಧವಾಗಿ ಒಂದು ಕಡೆಯವರು ಇನ್ನೊಂದು ಕಡೆಯವರಿಗೆ ಕೊಡುವ ಅಥವಾ ಕೊಡಲು ಒಪ್ಪುವ ಹಣ, ಆಸ್ತಿ, ಬೆಲೆಬಾಳುವ ಪತ್ರ ಎಲ್ಲವನ್ನೂ ವರದಕ್ಷಿಣೆಯೆಂದೇ ಕರೆಯುತ್ತದೆ. ನೇರವಾಗಿ ಕೊಟ್ಟರೂ ಸುತ್ತಿಬಳಸಿ ಕೊಟ್ಟರೂ ಅಷ್ಟೇ. ಕೊಡುವುದೂ ಪಡೆಯುವುದೂ ಕನಿಷ್ಠ 5 ವರ್ಷಗಳ ಸೆರೆವಾಸಕ್ಕೆ ಗುರಿಯಾಗುವ ಅಪರಾಧ; ಕೇಳುವುದೂ ಅಪರಾಧವೇ. ಶರತ್ತು ಹಾಕಿ ಪಡೆದ ವೀಸಾ ಶುಲ್ಕಕ್ಕೆ ಬೇರೆ ಹೆಸರಿಟ್ಟರೆ ಅದರ ಗುಣ ಬದಲಾಗದು.

ಮಗಳು ಪರದೇಶದಲ್ಲಿ ಒಂಟಿಯಾಗಬಾರದೆಂದು ತಂದೆತಾಯಿ ತಾವಾಗಿಯೇ ಪ್ರೀತಿಯಿಂದ ನೆರವಾಗುವುದನ್ನು ನಾವು ಆಕ್ಷೇಪಿಸುತ್ತಿಲ್ಲ. ಆದರೆ ಜೀನ್ಸ್ ಹೊಲಿಗೆಯ ಘಟಕದಲ್ಲಿ ದುಡಿಯುವ ಬಳ್ಳಾರಿಯ ತಂದೆಯೊಬ್ಬರು, ಕುರುಗೋಡಿನಲ್ಲಿ ಎರಡೆಕರೆ ಹೊಲವಿರುವ ತಾಯಿಯೊಬ್ಬರು ಕೈಗಡ ತಂದು ಈ ಶುಲ್ಕ ಕಟ್ಟಬೇಕಾದರೆ, ಡಾಲರಿನಲ್ಲಿ ಗಳಿಸುವವನು ಕೈಕಟ್ಟಿ ನಿಲ್ಲುವುದು ನ್ಯಾಯವೇ? ನಮ್ಮ ಹೆಣ್ಣುಮಕ್ಕಳು ಹೊರದೇಶದಲ್ಲಿ ದಾದಿಯರಾಗಿ ದುಡಿದು, ಗಂಡನನ್ನು ಕರೆಸಿಕೊಳ್ಳುವ ಸಂದರ್ಭಗಳೂ ಇವೆ. ಆಗ ಶುಲ್ಕ ಆಕೆಯದೆಂದು ಯಾರೂ ಎರಡನೆಯ ಮಾತಾಡುವುದಿಲ್ಲ. ಆಕೆ ಗಳಿಸುತ್ತಾಳಲ್ಲ ಎನ್ನುತ್ತಾರೆ. ಗಳಿಸುವವರು ಕಟ್ಟಬೇಕೆಂಬ ಆ ನ್ಯಾಯ ಹುಡುಗನಿಗೂ ಅನ್ವಯಿಸಬೇಕಲ್ಲವೇ?

ಲೆಕ್ಕವೂ ಅದನ್ನೇ ಹೇಳುತ್ತದೆ. ಅಲ್ಲಿ ಗಳಿಸಿದ ಡಾಲರ್ ಅಲ್ಲಿಯೇ ಸಲ್ಲಿದರೆ ಒಂದು ಪೈಸೆಯೂ ಸೋರುವುದಿಲ್ಲ. ಇಲ್ಲಿ ಸಾಲ ಮಾಡಿ ರೂಪಾಯಿಯನ್ನು ಡಾಲರ್ ಮಾಡಿ ಕಳುಹಿಸಿದರೆ ಪ್ರತಿ ಮೆಟ್ಟಿಲಲ್ಲಿಯೂ ಯಾರೋ ಒಬ್ಬರು ಪಾಲು ತೆಗೆದುಕೊಳ್ಳುತ್ತಾರೆ. ಬಡ್ಡಿ ಬೇರೆ ಬೆಳೆಯುತ್ತದೆ. ಅತ್ಯಂತ ಅಗ್ಗದ ದಾರಿಯೂ ಅತ್ಯಂತ ನ್ಯಾಯವಾದ ದಾರಿಯೂ ಒಂದೇ ಆಗಿರುವುದು ಅಪರೂಪ. ಈ ವಿಷಯದಲ್ಲಿ ಹಾಗಾಗಿದೆ.

ಆದುದರಿಂದ ನಮ್ಮ ಸಲಹೆ ಇಷ್ಟೇ. ಸಂಬಂಧ ಕುದುರುವ ದಿನವೇ, ಊಟದ ಪಟ್ಟಿ, ಸೀರೆಗಳ ಪಟ್ಟಿಯ ಜೊತೆಗೆ ವೀಸಾದ ಮಾತನ್ನೂ ಮುಕ್ತವಾಗಿ ಆಡಿಬಿಡಬೇಕು. ಯಾವ ವೀಸಾ, ಎಷ್ಟು ಶುಲ್ಕ, ಯಾರ ಖಾತೆಯಿಂದ, ಯಾವ ತಿಂಗಳಲ್ಲಿ ಎಂಬುದು ಎರಡೂ ಮನೆಯವರಿಗೆ ಗೊತ್ತಿರಬೇಕು. ಮದುವೆಯ ಸಿದ್ಧತೆಗೆಂದು ಯುವಕ ಯುವತಿಯರಿಗೆ ಧರ್ಮಕೇಂದ್ರಗಳಲ್ಲಿ ನಡೆಯುವ ತರಬೇತಿಗಳಲ್ಲಿ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಟ್ಟರೆ ಉಪಕಾರವಾದೀತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಬಾಂಧವರೇ ಬಂದು ತಿಳಿಸಿಕೊಡಬಹುದು. ಸಂಕೋಚದಿಂದ ಅಂದು ಆಡದೆ ಉಳಿದ ಮಾತು, ಮುಂದೆ ಕಣ್ಣೀರಾಗಿ ಮಗಳ ದೂರವಾಣಿಯಲ್ಲಿ ಕೇಳಿಬರುವುದು ಬೇಡ.